ಉಪ್ಪುನೀರಿನ ಟ್ಯಾಂಕಿಗೆ ಪಾಚಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು ಏಳು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದಿಷ್ಟು ಮೆದು ಹವಳ ಇವೆ. ಈಗ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ. ವಾರವಾರ ನೀರು ಬದಲಿಸುತ್ತೇನೆ, ಅದೂ ಆರ್‌ಒ ನೀರಲ್ಲಿ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಹಾಗಾದರೆ ಪಾಚಿ ಏನು ತಿಂದು ಬದುಕಿದೆ? (ಬೆಂಗಳೂರು)

ಉತ್ತರ: ಕಿಟ್ ತೋರಿಸುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಇಷ್ಟು ಪಾಚಿ ಇರುವ ಟ್ಯಾಂಕಿನಲ್ಲಿ ಪೋಷಕಾಂಶವೆಲ್ಲ ಕಿಟ್ಟಿಗೆ ಸಿಗುವ ಮುಂಚೆಯೇ ಪಾಚಿಯ ಹೊಟ್ಟೆ ಸೇರಿರುತ್ತದೆ. ಬರಿದಾದ ಪಾತ್ರೆ ನೋಡಿ ಇವತ್ತು ಅಡುಗೆಯೇ ಆಗಿಲ್ಲ ಅಂದ ಹಾಗಾಯಿತು.

ನಮ್ಮ ಅನುಮಾನ ಮೊದಲು ನಿಮ್ಮ ಆರ್‌ಒ ಮೇಲೆ. ಅಡುಗೆಮನೆಯ ಪ್ಯೂರಿಫೈಯರ್ ಇರುವುದು ಕುಡಿಯುವ ನೀರಿಗಾಗಿ. ಬಾಯಿಗೆ ಸಪ್ಪೆ ಎನಿಸಬಾರದೆಂದು ಹಲವು ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇಟ್ಟು, ಶುದ್ಧವಾದ ನೀರಿಗೆ ಒಂದಿಷ್ಟು ಮೆಂಬ್ರೇನ್ ದಾಟದ ನೀರನ್ನೇ ಬೆರೆಸುತ್ತಾರೆ. ಬೋರ್‌ವೆಲ್ ನೀರಿನ ನೈಟ್ರೇಟ್ ಆ ದಾರಿಯಲ್ಲಿ ಟ್ಯಾಂಕಿಗೆ ಬರುತ್ತದೆ. ಲೆಕ್ಕ ಹಾಕಿ: ಫ್ಯಾನ್ ಇರುವ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾದರೆ ತಿಂಗಳಿಗೆ 60 ಲೀಟರ್. ಆವಿಯಾಗುವುದು ಬರೀ ನೀರು; ನೀವು ತುಂಬಿಸಿದ್ದರಲ್ಲಿ ಇದ್ದದ್ದೆಲ್ಲ ಒಳಗೇ ಉಳಿಯುತ್ತದೆ. ಆ ನೀರಲ್ಲಿ ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಇದ್ದರೆ ತಿಂಗಳಿಗೆ 600 ಮಿಲಿಗ್ರಾಂ, ಅಂದರೆ ನಿಮ್ಮ 120 ಲೀಟರಿಗೆ 5 ಪಿಪಿಎಂ. ಮೀನಿಗೆ ಹಾಕಿದ ಆಹಾರದ ಲೆಕ್ಕ ಬೇರೆ.

ಹಾಗಾಗಿ ಮೊದಲು ಒಂದು ಟಿಡಿಎಸ್ ಮೀಟರ್ ಕೊಳ್ಳಿ. ಮೆಂಬ್ರೇನಿನಿಂದ ಹೊರಬರುವ ಪೈಪಿಗೆ, ಕಂಟ್ರೋಲರ್‌ಗಿಂತ ಮುಂಚೆಯೇ, ಒಂದು ಟಿ ಜಾಯಿಂಟ್ ಹಾಕಿಸಿ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಕಾರ್ಟ್ರಿಜ್ ಸೇರಿಸಿ. ಮೀಟರ್ 0 ತೋರಿಸಬೇಕು. 2 ಅಥವಾ 3 ಬರತೊಡಗಿದರೆ ರೆಸಿನ್ ಮುಗಿಯಿತು ಎಂದರ್ಥ. ಮುಗಿಯುವ ಹೊತ್ತಿಗೆ ಅದು ಹಿಡಿದಿಟ್ಟ ಸಿಲಿಕೇಟನ್ನೂ ಬಿಟ್ಟುಕೊಡುತ್ತದೆ, ತಡಮಾಡಬೇಡಿ.

ಇನ್ನು ಇರುವ ಪಾಚಿ. ಪಂಪ್ ನಿಲ್ಲಿಸಿ, ತೆಳು ಪೈಪಿನಿಂದ ಸೈಫನ್ ಮಾಡುತ್ತಲೇ ಬೆರಳಿಗೆ ಸುತ್ತಿ ಕೀಳಿ, ಚೂರುಗಳು ತೇಲಿ ಬೇರೆ ಕಲ್ಲಿಗೆ ಅಂಟದಂತೆ. ತೆಗೆಯಲು ಬರುವ ಕಲ್ಲನ್ನು ಟ್ಯಾಂಕಿನದೇ ಉಪ್ಪುನೀರು ತುಂಬಿದ ಬಕೆಟ್‌ನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಲ್ಲಿ ನೀರು ಹಿಡಿದರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ವಾರಕ್ಕೆ ಮೂರನೇ ಒಂದು ಭಾಗದಷ್ಟು ಕಲ್ಲು ಸಾಕು. ಆಮೇಲೆ ನಾಲ್ಕೈದು ಟ್ರೋಕಸ್ ಬಸವನಹುಳು ಬಿಡಿ. ಉದ್ದ ಕೂದಲನ್ನು ಅವು ಹೆಚ್ಚಾಗಿ ಮುಟ್ಟುವುದಿಲ್ಲ, ಮೋಟು ಚಿಗುರನ್ನು ಮಾತ್ರ ಕೆರೆದು ತಿನ್ನುತ್ತವೆ. ಅದಕ್ಕೇ ಕೀಳುವ ಕೆಲಸ ಮೊದಲು.

ಬೆಳಕು ದಿನಕ್ಕೆ 8 ಗಂಟೆ ಸಾಕು. ಆಹಾರ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಫ್ರೋಜನ್ ಆಹಾರವನ್ನು ಜಾಲರಿಯಲ್ಲಿ ತೊಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ತೊಳೆದರೆ ತೊಂದರೆಯಿಲ್ಲ, ಆದರೆ ಫಾಸ್ಫೇಟ್ ಬಹುಪಾಲು ಇರುವುದು ಆಹಾರದಲ್ಲೇ. ಪ್ರಮಾಣ ಇಳಿಸದೆ ತೊಳೆದು ಹೆಚ್ಚು ಲಾಭವಿಲ್ಲ. ಕಲ್ಲು ಹೀರಿಟ್ಟ ಫಾಸ್ಫೇಟ್ ಕೂಡ ನಿಧಾನವಾಗಿ ಹೊರಬರುವುದರಿಂದ ಆರೆಂಟು ವಾರ ಕಾಯಬೇಕು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಗುರಿ ಇರಲಿ. ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕುವುದಾದರೆ ಪ್ಯಾಕೆಟ್ ಮೇಲಿನ ಅರ್ಧ ಪ್ರಮಾಣದಿಂದ ಶುರುಮಾಡಿ. ಫಾಸ್ಫೇಟ್ ದಿಢೀರ್ ಇಳಿದರೆ ಪಾಚಿಗಿಂತ ಮೊದಲು ಹವಳವೇ ಸೊರಗೀತು.

ಪ್ರಶ್ನೆ: ಮರಳಿನ ಮೇಲೆ ಕೆಂಪು ಲೋಳೆಯ ಪದರ. ಬೆಳಿಗ್ಗೆ ತೆಳುವಾಗಿರುತ್ತದೆ, ಸಂಜೆಗೆ ಗುಳ್ಳೆಗಳ ಸಮೇತ ದಪ್ಪ. ಎರಿತ್ರೋಮೈಸಿನ್ ಹಾಕಬಹುದೇ? (ಮಂಗಳೂರು)

ಉತ್ತರ: ಅದು ಪಾಚಿಯಲ್ಲ, ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ. ಗುಳ್ಳೆಗಳು ಬೆಳಕಿನಲ್ಲಿ ಅದು ಬಿಡುವ ಆಮ್ಲಜನಕ. ಔಷಧಕ್ಕೆ ಸಾಯುವುದು ನಿಜ. ಆದರೆ ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು, ಸತ್ತ ಪದರ ಕೊಳೆತು ಆಮ್ಲಜನಕ ಕುಸಿದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಕಾರಣ ಹಾಗೇ ಇದ್ದರೆ ತಿಂಗಳಲ್ಲಿ ಮತ್ತೆ ಹಾಜರ್.

ಪದರ ಕೂತಿರುವ ಜಾಗದಲ್ಲಿ ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪ್) ಸೆಳೆತ ತಲುಪುತ್ತಿದೆಯೇ ನೋಡಿ. ಒಟ್ಟು ಹರಿವು ಗಂಟೆಗೆ ಟ್ಯಾಂಕಿನ 20ರಿಂದ 30 ಪಟ್ಟು ಇರಲಿ. ಸಂಜೆ, ಪದರ ಹಾಲಿನ ಕೆನೆಯಂತೆ ಇಡಿಯಾಗಿ ಏಳುವ ಹೊತ್ತಿಗೆ, ಸೈಫನ್‌ನಿಂದ ಎಳೆದುಬಿಡಿ. ಎರಡು ದಿನಕ್ಕೊಮ್ಮೆ, ಎರಡು ವಾರ. ಕಸ ಹಿಡಿಯುವ ಬಟ್ಟೆ ಚೀಲ, ಅಂದರೆ ಫಿಲ್ಟರ್ ಸಾಕ್ಸ್, ಮೂರು ದಿನಕ್ಕೊಮ್ಮೆ ತೊಳೆಯಿರಿ.

ಪ್ರಶ್ನೆ: ಮಲ್ಪೆಯ ಸಮುದ್ರದ ನೀರನ್ನೇ ತಂದರೆ ಉಪ್ಪಿನ ಖರ್ಚು ಉಳಿಯುವುದಿಲ್ಲವೇ? (ಉಡುಪಿ)

ಉತ್ತರ: ಉಳಿಯುತ್ತದೆ, ಆದರೆ ದಡದ ನೀರು ಬೇಡ, ಬಂದರಿನ ನೀರಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪಿನಂಶ ಇಳಿದು, ಗದ್ದೆಯ ಗೊಬ್ಬರ, ಕೆಸರು ಎಲ್ಲ ಬಂದಿರುತ್ತದೆ. ಬೇಸಿಗೆಯಲ್ಲಿ ದೂರದ ನೀರು ಸಿಕ್ಕಿದರೆ, ಸಾಂದ್ರತೆ 1.025–1.026 ಇದ್ದು ನೈಟ್ರೇಟ್, ಫಾಸ್ಫೇಟ್ ಕಡಿಮೆ ಬಂದರೆ ಮಾತ್ರ ಬಳಸಿ. ಹವಳದ ತುಂಡು ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಕಾಯ್ದೆ ಒಪ್ಪುವುದಿಲ್ಲ.

ಪ್ರಶ್ನೆ: ಹೊಸ ಟ್ಯಾಂಕ್, ಮೂರನೇ ವಾರ. ಗಾಜು, ಮರಳಿನ ಮೇಲೆ ಕಂದು ಪುಡಿ. ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಇರಬಹುದು ಎಂದು ಅಂಗಡಿಯವರು ಹೆದರಿಸಿದ್ದಾರೆ. (ಮೈಸೂರು)

ಉತ್ತರ: ಮೂರನೇ ವಾರದಲ್ಲಿ ಬರುವುದು ಸಾಮಾನ್ಯವಾಗಿ ಡಯಾಟಮ್, ಸಿಲಿಕೇಟ್ ಬಳಸಿ ಬೆಳೆಯುವ ಸೂಕ್ಷ್ಮ ಪಾಚಿ. ಸಿಲಿಕೇಟ್ ಮುಗಿದಂತೆ ತಾನೇ ಹೋಗುತ್ತದೆ. ಗಾಜು ಒರೆಸಿ ಸುಮ್ಮನಿರಿ. ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಕಂದು ಪುಡಿ ಇರುವ ನೀರನ್ನು ಲೋಟಕ್ಕೆ ಹಿಡಿದು ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ನೀರು ತಿಳಿಯಾಗೇ ಇದ್ದರೆ ಡಯಾಟಮ್. ಕಂದು ದಾರಗಳು ಮತ್ತೆ ಹೆಣೆದುಕೊಂಡರೆ ಅದು ಡೈನೋ. ಆಗ ಜಿಎಫ್‌ಒ ತೆಗೆಯಿರಿ, ನೀರು ಬದಲಿಸುವುದನ್ನೂ ನಿಲ್ಲಿಸಿ, ನೈಟ್ರೇಟನ್ನು 5ಕ್ಕೆ, ಫಾಸ್ಫೇಟನ್ನು 0.05ಕ್ಕೆ ಏರಿಸಿ. ಎರಡೂ ಸೊನ್ನೆಗಿಳಿದ ಟ್ಯಾಂಕೇ ಅದಕ್ಕೆ ಇಷ್ಟ.