ಮಲಗಿರುವ ಮಗುವನ್ನು ಎಬ್ಬಿಸಿ

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ತಡಮಾಡದೆ ಉತ್ತರಿಸಬೇಕಾಗಿದೆ. ಬರೆದವರಿಗೆ ಇದು ಚೊಚ್ಚಲ ಹೆರಿಗೆ. 35 ವಾರ 4 ದಿನಕ್ಕೆ ನೀರು ಒಡೆದು, ಅದೇ ರಾತ್ರಿ ಹೆಣ್ಣು ಮಗು ಹುಟ್ಟಿದೆ. ತೂಕ 2,250 ಗ್ರಾಂ. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ನಾಲ್ಕನೇ ದಿನ ಮನೆಗೆ ಕಳಿಸಿದರು. ಈಗ ಮಗುವಿಗೆ ಹದಿನಾರು ದಿನ. ನೀರು ಒಡೆಯುವ ಹಿಂದಿನ ದಿನ ಇವರು ಒದ್ದೆ ಬಟ್ಟೆಯ ಬಕೆಟ್ ಎತ್ತಿದ್ದನ್ನು ಕಂಡಿದ್ದ ಗಂಡನ ಅಕ್ಕ, "ಸುಮ್ಮನೆ ಕೂತಿದ್ದರೆ ಮಗು ದಿನ ತುಂಬಿಸಿಕೊಂಡೇ ಬರುತ್ತಿತ್ತು" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಗಂಡ ಬಾಯಿ ಬಿಡುವುದಿಲ್ಲ. ಪತ್ರದ ಪ್ರಶ್ನೆ ಇಷ್ಟು: ತಪ್ಪು ನನ್ನದೇ? ಈ ಮಾತುಗಳನ್ನು ಹೇಗೆ ತಡೆದುಕೊಳ್ಳಲಿ?

ಅದಕ್ಕೆ ಆಮೇಲೆ ಬರುತ್ತೇನೆ. ದೂರುಗಳ ನಡುವೆ, ಯಾರೂ ಗಮನಿಸದಂಥ ಜಾಗದಲ್ಲಿ, ಈ ನಾಲ್ಕು ಮಾತುಗಳಿವೆ: "ಪುಣ್ಯಕ್ಕೆ ಮಗು ಮಾತ್ರ ಬಹಳ ಸಮಾಧಾನದ್ದು. ಅಳುವುದೇ ಅಪರೂಪ. ರಾತ್ರಿ ಐದಾರು ಗಂಟೆ ಒಂದೇ ಸಮ ಮಲಗುತ್ತದೆ. ಕಣ್ಣಿನ ಹಳದಿ ಸ್ವಲ್ಪ ಉಳಿದಿದೆ, ಆದರೆ ಹನ್ನೆರಡನೇ ದಿನ ತೂಕ ಹಾಕಿಸಿದಾಗ 2,090 ಇದ್ದದ್ದು 2,110 ಆಗಿತ್ತು."

ತಾಯೀ, ಮಗು ಸಮಾಧಾನದಿಂದ ಮಲಗಿದೆ ಅಂದುಕೊಳ್ಳಬೇಡಿ. ಎದ್ದು ಹಾಲು ಕೇಳುವಷ್ಟು ತ್ರಾಣ ಅದಕ್ಕೆ ಇಲ್ಲದಿರಬಹುದು.

ತೂಕದ ಲೆಕ್ಕವನ್ನೇ ನೋಡಿ. ಮೊದಲ ಕೆಲವು ದಿನ ಎಲ್ಲ ಮಕ್ಕಳ ತೂಕವೂ ಇಳಿಯುತ್ತದೆ. ನಿಮ್ಮ ಮಗು 160 ಗ್ರಾಂ, ಅಂದರೆ ಶೇಕಡಾ 7ರಷ್ಟು ಇಳಿದಿತ್ತು. ಅಲ್ಲಿಯವರೆಗೆ ಸರಿ. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕಿತ್ತು. ಮನೆಗೆ ಬಂದ ನಾಲ್ಕನೇ ದಿನದಿಂದ ಹನ್ನೆರಡನೇ ದಿನದವರೆಗಿನ ಎಂಟು ದಿನಕ್ಕೆ ಕಡಿಮೆ ಎಂದರೂ 160 ಗ್ರಾಂ. ಏರಿರುವುದು 20. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮುಟ್ಟಬೇಕಾದ ಮಗು ಇನ್ನೂ 140 ಗ್ರಾಂ ಹಿಂದಿತ್ತು. ಕೆನ್ನೆ ತುಂಬಿದೆ, ಮೈ ಕೈ ಚೆನ್ನಾಗಿದೆ ಎಂಬ ಕಣ್ಣಂದಾಜನ್ನು ಪಕ್ಕಕ್ಕಿಡಿ. ಚಿಕ್ಕ ಮಗುವಿನ ವಿಷಯದಲ್ಲಿ ನಾನು ಮೊದಲು ಕೇಳುವುದು ತೂಕ, ಆಮೇಲೆ ಮಿಕ್ಕ ಮಾತು.

ಹೀಗೇಕಾಗುತ್ತದೆ ಎಂದರೆ, 34ರಿಂದ 36 ವಾರದ ನಡುವೆ ಹುಟ್ಟಿದ ಮಕ್ಕಳು ನೋಡುವುದಕ್ಕೆ ದಿನ ತುಂಬಿದವರಂತೆಯೇ ಇರುತ್ತಾರೆ. ತೊಂದರೆಯ ಮೂಲವೇ ಅದು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಕಸುವು ಅವರಲ್ಲಿ ಇನ್ನೂ ಪೂರ್ತಿ ಮಾಗಿರುವುದಿಲ್ಲ. ಐದು ನಿಮಿಷ ಚೀಪಿ ಸುಸ್ತಾಗಿ ನಿದ್ದೆ ಹೋಗುತ್ತಾರೆ. ಹಸಿವಾದರೂ ಎಚ್ಚರವಾಗುವುದಿಲ್ಲ. ಹಾಲು ಕಡಿಮೆಯಾದಷ್ಟೂ ತ್ರಾಣ ಕುಗ್ಗುತ್ತದೆ, ನಿದ್ದೆ ಹೆಚ್ಚುತ್ತದೆ, ಚೀಪುವ ಬಲ ಇನ್ನೂ ಇಳಿಯುತ್ತದೆ. ಎದೆ ಖಾಲಿಯಾಗದೆ ಇದ್ದರೆ ತಾಯಿಯಲ್ಲಿ ಹಾಲಿನ ಉತ್ಪತ್ತಿಯೂ ಇಳಿಯುತ್ತದೆ. ಆಗ ಮನೆಯವರು "ನಿನಗೆ ಹಾಲೇ ಇಲ್ಲ" ಎನ್ನುತ್ತಾರೆ. ಕಾಮಾಲೆಯೂ ಇದಕ್ಕೇ ತಗುಲಿಕೊಂಡಿದೆ. ಹಳದಿಗೆ ಕಾರಣವಾದ ಬಿಲಿರುಬಿನ್ ಹೊರಹೋಗುವುದು ಮುಖ್ಯವಾಗಿ ಮಲದಲ್ಲಿ. ಹಾಲು ಸಾಲದೆ ಮಲ ಕಡಿಮೆಯಾದರೆ ಅದು ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಕಾಮಾಲೆ ಏರಿದ ಮಗು ಇನ್ನಷ್ಟು ತೂಗಡಿಸುತ್ತದೆ.

ನಿಮ್ಮ ಗಂಡನ ಅಕ್ಕನ ಮೇಲೆ ನನಗೆ ಸಿಟ್ಟು ಬಂದಿರುವುದು ಬಕೆಟ್ಟಿನ ಮಾತಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿಗೆ. ನೀವು ಮೂರು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡಿದ್ದಿರಿ, "ಮಲಗಿದ ಮಗುವನ್ನು ಎಬ್ಬಿಸಬಾರದು" ಎಂದು ಅವರು ಅದನ್ನು ನಿಲ್ಲಿಸಿದರು ಎಂದು ಬರೆದಿದ್ದೀರಿ. ಅವರ ಮಕ್ಕಳಿಬ್ಬರೂ ದಿನ ತುಂಬಿ ಹುಟ್ಟಿದವರು, ಹಸಿವಾದರೆ ಮನೆಯೆಲ್ಲ ಕೇಳುವಂತೆ ಅತ್ತವರು. ಆ ಅನುಭವ ಈ ಮಗುವಿಗೆ ಅನ್ವಯಿಸುವುದಿಲ್ಲ. ಎಷ್ಟೇ ಪ್ರೀತಿಯಿಂದ ಹೇಳಿರಲಿ, ಹಾಲಿನ ಹೊತ್ತು ತಪ್ಪಿಸುವ ಸಲಹೆ ಅಪಾಯದ ಸಲಹೆ.

ಆದ್ದರಿಂದ ನಾನು ಹೇಳುವುದು ಒಂದೇ: ಹಗಲಿರಲಿ ರಾತ್ರಿಯಿರಲಿ, ಮೂರು ಗಂಟೆ ಮೀರದಂತೆ ಮಗುವನ್ನು ಎಬ್ಬಿಸಿ ಹಾಲು ಕೊಡಿ. ಒಂದು ಸಲ ಕುಡಿಸಲು ಶುರುಮಾಡಿದ ಹೊತ್ತಿನಿಂದ ಮುಂದಿನ ಸಲ ಶುರುಮಾಡುವ ಹೊತ್ತಿನವರೆಗೆ ಮೂರು ಗಂಟೆ. ಕುಡಿಸಿ ಮುಗಿಸಿದ ಮೇಲೆ ಎಣಿಸಬೇಡಿ. ದಿನಕ್ಕೆ ಎಂಟು ಸಲಕ್ಕೆ ಕಡಿಮೆಯಾಗಬಾರದು, ಹನ್ನೆರಡಾದರೂ ಚಿಂತೆಯಿಲ್ಲ.

ಎಬ್ಬಿಸಲು ಮೊದಲು ಸುತ್ತಿದ ಬಟ್ಟೆ ಬಿಚ್ಚಿ, ಡೈಪರ್ ಬದಲಿಸಿ, ಬೆನ್ನು ಅಂಗಾಲು ಉಜ್ಜಿ. ಆಮೇಲೆ ಡೈಪರ್, ಟೋಪಿ ಮಾತ್ರ ಉಳಿಸಿ ನಿಮ್ಮ ಬರಿ ಎದೆಗೆ ನೆಟ್ಟಗೆ ಒರಗಿಸಿಕೊಂಡು ಮೇಲೆ ಹೊದಿಕೆ ಹೊದ್ದುಕೊಳ್ಳಿ. ಈ ಕಾಂಗರೂ ಆರೈಕೆಯನ್ನು ಬೇಗ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ, ಅಂದರೆ ಆದಷ್ಟೂ ಹೆಚ್ಚು ಹೊತ್ತು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಚರ್ಮದಡಿ ಕೊಬ್ಬು ಕಡಿಮೆ ಇರುವ ಮಗು ಮೈ ಬಿಸಿ ಉಳಿಸಿಕೊಳ್ಳುವುದಕ್ಕೇ ಕುಡಿದ ಹಾಲಿನ ಶಕ್ತಿಯನ್ನು ಸುಡುತ್ತದೆ. ಎದೆಯ ಮೇಲಿದ್ದರೆ ಆ ಶಕ್ತಿ ಮೈಗೆ ಹತ್ತುತ್ತದೆ. ಕಂಕುಳ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಕೆಲಸ ಅಪ್ಪನೂ ಮಾಡಬಹುದು. ಬಾಯಿ ಬಿಡದ ನಿಮ್ಮ ಗಂಡನಿಗೆ ಎದೆಯಂತೂ ಇದೆ. ಇದನ್ನೂ ರಾತ್ರಿಯ ಅಲಾರಮ್ಮನ್ನೂ ಅವರಿಗೆ ವಹಿಸಿ. ಆದರೆ ಹಾಗೆ ಒರಗಿಸಿಕೊಂಡವರು ಎಚ್ಚರವಾಗಿರಬೇಕು, ಸೋಫಾದಲ್ಲಿ ಮಗುವಿನೊಂದಿಗೆ ನಿದ್ದೆ ಹೋಗಕೂಡದು. ಮಗು ತಾನೇ ಮಲಗುವಾಗ ಬೆನ್ನ ಮೇಲೆ, ಸಮತಟ್ಟಾದ ಹಾಸಿಗೆಯಲ್ಲಿ, ದಿಂಬಿಲ್ಲದೆ.

ಕುಡಿಸುವಾಗ ಕತ್ತಿನ ಬುಡಕ್ಕೆ ಕೈ ಆಸರೆ ಕೊಡಿ, ತಲೆಯನ್ನು ಎದೆಗೆ ಒತ್ತಬೇಡಿ. ಗದ್ದ ಪೂರ್ತಿ ಇಳಿದು, ಒಂದು ಕ್ಷಣ ನಿಂತು, ನುಂಗುವ ಸದ್ದು ಕೇಳಿದರೆ ಹಾಲು ಹೋಗುತ್ತಿದೆ. ಗದ್ದ ಬರೀ ಅದುರುತ್ತಿದ್ದರೆ ಮಗು ಬಾಯಲ್ಲಿಟ್ಟುಕೊಂಡು ಮಲಗಿದೆ. ಆಗ ಎದೆಯನ್ನು ಮೆಲ್ಲಗೆ ಅದುಮಿ ಹಾಲು ಹರಿಸಿ, ಇಲ್ಲವೇ ಇನ್ನೊಂದು ಕಡೆಗೆ ಬದಲಿಸಿ. ಅರ್ಧ ಗಂಟೆಗೆ ನಿಲ್ಲಿಸಿ. ಒಂದು ಗಂಟೆ ಎದೆಗೆ ಕಚ್ಚಿಸಿಕೊಂಡು ಕೂತರೆ ಮಗು ಕುಡಿಯುವುದಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ನಿಲ್ಲಿಸಿದ ಮೇಲೆ, ಹಿಂದಿನ ಸಲ ಹಿಂಡಿಟ್ಟ ಹಾಲನ್ನು ಒಳಲೆ ಅಥವಾ ಚಮಚದಲ್ಲಿ, ಮಗುವನ್ನು ಅರೆ ಕೂರಿಸಿ, ನುಂಗಿದ್ದನ್ನು ನೋಡಿಕೊಂಡು ಕೊಡಿ. ನಂತರ ಎರಡೂ ಎದೆಯಿಂದ ಹತ್ತು ಹದಿನೈದು ನಿಮಿಷ ಹಾಲು ಹಿಂಡಿ ತೆಗೆದಿಡಿ. ನಿಮ್ಮ ಹಾಲು ಬತ್ತದಂತೆ ಕಾಯುವುದು ಈ ಹಿಂಡುವಿಕೆಯೇ. ಆ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಇಷ್ಟೆಲ್ಲ ಒಂದು ಗಂಟೆಯಲ್ಲಿ ಮುಗಿಯಬೇಕು, ಉಳಿದ ಎರಡು ಗಂಟೆ ನೀವು ಮಲಗಬೇಕು. ಬಂದವರನ್ನು ಮಾತಾಡಿಸುವ ಕೆಲಸ ಮನೆಯ ಉಳಿದವರಿಗಿರಲಿ.

ಈ ತೂಕಕ್ಕೆ ದಿನಕ್ಕೆ ಒಟ್ಟು ಸುಮಾರು 320 ಮಿಲಿ ಲೀಟರ್, ಅಂದರೆ ಎಂಟು ಸಲ ಹಂಚಿದರೆ ಹೊತ್ತಿಗೆ 40 ಬೇಕಾಗುತ್ತದೆ. ಅದರಲ್ಲಿ ಎದೆಯಿಂದ ಎಷ್ಟು ಹೋಗುತ್ತಿದೆ, ಒಳಲೆಯಲ್ಲಿ ಎಷ್ಟು ಕೊಡಬೇಕು ಎನ್ನುವುದನ್ನು ಮಕ್ಕಳ ವೈದ್ಯರು ತೂಕ ನೋಡಿ ಹೇಳಬೇಕು. ದಿನಕ್ಕೆ ಆರು ಡೈಪರ್ ಚೆನ್ನಾಗಿ ಒದ್ದೆಯಾಗಬೇಕು. ಇಟ್ಟಿಗೆ ಬಣ್ಣದ ಕಲೆ ಕಂಡರೆ ಹಾಲು ಸಾಲುತ್ತಿಲ್ಲ ಎಂದು ತಿಳಿಯಿರಿ.

ಇನ್ನು ಬಕೆಟ್. ಒಂದು ದಿನ ಬಕೆಟ್ ಎತ್ತಿದ್ದಕ್ಕೆ ನೀರಿನ ಚೀಲ ಒಡೆಯಿತು ಎನ್ನಲು ಆಧಾರವಿಲ್ಲ. ಸೋಂಕಿನಿಂದ ಒಡೆಯಬಹುದು, ಅವಳಿ ಮಕ್ಕಳಿದ್ದರೆ ಒಡೆಯಬಹುದು, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಸುರಿಯನ್ನು ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿಟ್ಟರೆ ಬೇಗ ಹೆರಿಗೆಯಾಗುವುದು ತಪ್ಪುತ್ತದೆ ಎಂಬುದೂ ಸಾಬೀತಾಗಿಲ್ಲ. ತಪ್ಪು ನಿಮ್ಮದಲ್ಲ. ಇದನ್ನು ಮನೆಯಲ್ಲಿ ಒಂದು ಸಲ ನಿಮ್ಮ ಗಂಡ ಹೇಳಬೇಕು, ಅಕ್ಕನ ಎದುರಿಗೇ.

"ನನ್ನ ಮಗಳು ಎರಡನೇ ತಿಂಗಳಿಗೆ ನಗುತ್ತಿದ್ದಳು" ಎಂಬ ಅವರ ಹೋಲಿಕೆಗೆ ಈಗಲೇ ಉತ್ತರ ಇಟ್ಟುಕೊಂಡಿರಿ. ನಿಮ್ಮ ಮಗು ನಾಲ್ಕು ವಾರ ಮೂರು ದಿನ ಮುಂಚೆ ಬಂದಿದೆ. ಎರಡು ವರ್ಷದವರೆಗೆ ಬೆಳವಣಿಗೆ ಅಳೆಯುವಾಗ ಅಷ್ಟನ್ನು ಕಳೆಯಬೇಕು. ಲಸಿಕೆಗೆ ಮಾತ್ರ ಕಳೆಯಬೇಡಿ, ಅದು ಹುಟ್ಟಿದ ದಿನದಿಂದಲೇ ಲೆಕ್ಕ.

ತೂಕ ದಿನವೂ 20 ಗ್ರಾಂ ಮೀರಿ ಏರುತ್ತ, ಹುಟ್ಟಿದಾಗಿನ ತೂಕ ದಾಟಿ, ಮಗು ತಾನೇ ಎದ್ದು ಹಾಲು ಕೇಳತೊಡಗಿದ ಮೇಲೆ ಅಲಾರಂ ಬಿಡಬಹುದು. ಸಾಮಾನ್ಯವಾಗಿ ಅದು ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಎಬ್ಬಿಸಿದರೂ ಏಳದಿದ್ದರೆ, ಸತತ ಎರಡು ಹೊತ್ತು ಹಾಲು ಬೇಡವೆಂದರೆ, ಉಸಿರು ನಿಮಿಷಕ್ಕೆ 60 ಮೀರಿದರೆ, ಪಕ್ಕೆ ಒಳಗೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಮೈ ತಣ್ಣಗಾಗಿ ಬಿಸಿಯೇರದಿದ್ದರೆ ಅಥವಾ ಜ್ವರ ಬಂದರೆ, ಹಳದಿ ಅಂಗೈ ಅಂಗಾಲಿಗೆ ಇಳಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇವು ಯಾವುವೂ ಇಲ್ಲದಿದ್ದರೂ ಇದನ್ನು ಓದಿದ ದಿನವೇ ಮಕ್ಕಳ ವೈದ್ಯರ ಬಳಿಗೆ ಹೋಗಿ. ಬಟ್ಟೆ, ಡೈಪರ್ ಬಿಚ್ಚಿ ತೂಗಿಸಿ, ಬಿಲಿರುಬಿನ್ ಪರೀಕ್ಷೆ ಮಾಡಿಸಿ, ಎದೆಗೆ ಹಿಡಿಸಿಕೊಂಡಾಗ ಮಗು ಹೇಗೆ ಕುಡಿಯುತ್ತದೆ ಎಂಬುದನ್ನು ಅವರ ಎದುರೇ ತೋರಿಸಿ. ಹೊರಡುವ ಮುನ್ನ ಗಡಿಯಾರ ನೋಡಿ. ಕಳೆದ ಸಲ ಕುಡಿಸಿ ಮೂರು ಗಂಟೆಯಾಗಿದ್ದರೆ ಮೊದಲು ಎಬ್ಬಿಸಿ ಹಾಲು ಕೊಡಿ.