ಡಂಪ್‌ನಲ್ಲೇ ಕುಗ್ಗಿಸಬೇಡಿ

ತೀರ್ಥಹಳ್ಳಿಯ ಅಡಿಕೆ ಮಂಡಿಯ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ದಿನವೂ ಬೋರ್ಗ್ ಮೂಲಕ ಶಿವಮೊಗ್ಗಕ್ಕೆ ಕಳುಹಿಸುತ್ತೀರಿ. ಬೋರ್ಗ್ ಎಂದರೆ ದತ್ತಾಂಶವನ್ನು ತುಂಡರಿಸಿ, ಹಿಂದೆ ಇಲ್ಲದ ತುಂಡುಗಳನ್ನಷ್ಟೇ ಉಳಿಸುವ ಬ್ಯಾಕಪ್ ತಂತ್ರಾಂಶ. ನಾಲ್ಕು ಬಿಲ್ ಸೇರಿದರೂ ಬಹುಪಾಲು ಬ್ಯಾಕಪ್ ಮತ್ತೆ ಹೋಗುತ್ತಿದೆ, ಕಂಪ್ರೆಷನ್ (ದತ್ತಾಂಶ ಕುಗ್ಗಿಸುವುದು) ಎಲ್ಲಿ ಹಾಕಲಿ ಎಂದು ಕೇಳಿದ್ದೀರಿ.

ತೊಂದರೆ ಇರುವುದು ಡಂಪ್‌ನಲ್ಲಿ, ಅಂದರೆ ಡೇಟಾಬೇಸಿನಿಂದ ಹೊರತೆಗೆದ ನಕಲಿನಲ್ಲಿ. ಆ ನಕಲು ತೆಗೆಯುವ ಪೋಸ್ಟ್‌ಗ್ರೆಸ್ ಸಾಧನ ಪಿಜಿ ಡಂಪ್‌ನ ಕಸ್ಟಮ್ ಫಾರ್ಮ್ಯಾಟ್ ನೀವು ಹೇಳದಿದ್ದರೂ ತಾನಾಗಿಯೇ ಕುಗ್ಗಿಸುತ್ತದೆ. ಹಾಗೆ ಕುಗ್ಗಿಸಿದ ಟೇಬಲ್‌ನಲ್ಲಿ ಎಲ್ಲೋ ಒಂದು ಸಾಲು ಬದಲಾದರೆ ಅಲ್ಲಿಂದ ಮುಂದಿನ ಬೈಟ್‌ಗಳೆಲ್ಲ ಬೇರೆಯಾಗುತ್ತವೆ, ನಿನ್ನೆಯ ತುಂಡುಗಳನ್ನು ಬೋರ್ಗ್ ಗುರುತಿಸಲಾರದು. ರಾಶಿಯಲ್ಲಿ ಬೆರೆಸಿದ ಮೇಲೆ ಯಾವ ತೋಟದ ಅಡಿಕೆ ಎಂದು ಹುಡುಕಿದಂತೆ! ಸಾಗರದಲ್ಲಿ ನಾನೂ ತಿಂಗಳುಗಟ್ಟಲೆ ಹೀಗೆಯೇ ಡಿಸ್ಕ್ ತುಂಬಿಸಿದ್ದೇನೆ.

ಡಂಪ್‌ನ ಕಂಪ್ರೆಷನ್ ಮಟ್ಟವನ್ನು 0 ಮಾಡಿ, ಪೈಪ್ ಮೂಲಕ ನೇರವಾಗಿ ಬೋರ್ಗ್‌ಗೆ ಕೊಡಿ. ತಾತ್ಕಾಲಿಕ ಫೈಲ್‌ಗೆ ಜಾಗವೂ ಬೇಡ. ಬೋರ್ಗ್ ಮೊದಲು ತುಂಡರಿಸಿ, ಹೊಸ ತುಂಡುಗಳನ್ನು ಮಾತ್ರ ನಿಮ್ಮ ಯಂತ್ರದಲ್ಲೇ ಕುಗ್ಗಿಸಿ, ಆಮೇಲೆ ಗೂಢಲಿಪೀಕರಿಸಿ ಕಳುಹಿಸುತ್ತದೆ. ಈ ಕ್ರಮ ತಿರುಗುಮುರುಗಾದರೆ ಕುಗ್ಗಿಸುವುದು ವ್ಯರ್ಥ, ಗೂಢಲಿಪಿಯಾದ ದತ್ತಾಂಶ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಲೈನ್ ನಿಧಾನವಾದ್ದರಿಂದ ಪೂರ್ವನಿಯೋಜಿತ ಎಲ್‌ಜೆಡ್4 ಕುಗ್ಗಿಸುವ ವಿಧಾನದ ಬದಲು ಇನ್ನೂ ಹೆಚ್ಚು ಕುಗ್ಗಿಸುವ ಜೆಡ್‌ಸ್ಟ್ಯಾಂಡರ್ಡ್ ಆರಿಸಿ.

ಬದಲಾಯಿಸಿದ ಮೊದಲ ರಾತ್ರಿ ಪೂರ್ತಿ ಬ್ಯಾಕಪ್ ಮತ್ತೊಮ್ಮೆ ಹೋಗುತ್ತದೆ. ಗಾಬರಿಯಾಗಬೇಡಿ, ಹೆಚ್ಚು ಹೊತ್ತು ಹಿಡಿಯುವುದರಿಂದ ಯುಪಿಎಸ್ ಮಾತ್ರ ನೋಡಿಕೊಳ್ಳಿ.