ಸಮುದ್ರದ ಮಧ್ಯೆ ಏರ್‌ಪೋರ್ಟ್ ಬೇಕಾ?

ಪ್ರಶ್ನೆ: ಹಬ್ಬದ ಟೈಮಲ್ಲಿ ಮಂಗಳೂರಿಗೆ ಟಿಕೆಟ್ ರೇಟ್ ನೋಡಿದ್ರೆ ತಲೆ ತಿರುಗುತ್ತೆ, ವಾಪಸ್ ಬರುವಾಗ ಮುಂಬೈ ಮೇಲೆ ಫ್ಲೈಟ್ ಸುತ್ತು ಹೊಡೀತಾನೇ ಇರುತ್ತೆ. ಈಗ ಪಾಲ್ಘರ್ ಕಡೆ ವಾಧವನ್ ಬಂದರಿನ ಹತ್ರ ಸಮುದ್ರದಲ್ಲೇ ಏರ್‌ಪೋರ್ಟ್ ಮಾಡೋ ಪ್ರಸ್ತಾಪ ಇದೆಯಂತೆ, ನಮಗೇನಾದ್ರೂ ಉಪಯೋಗ ಇದ್ಯಾ?
– ಓದುಗರು, ಡೊಂಬಿವಲಿ

ಉತ್ತರ: ಪ್ರಸ್ತಾಪ ಇರೋದು ನಿಜ, ಮಹಾರಾಷ್ಟ್ರ ಸರ್ಕಾರದ್ದೇ. ಮುಂಬೈನಲ್ಲಿ ರನ್‌ವೇ ಎರಡಿದ್ರೂ ಒಂದಕ್ಕೊಂದು ಅಡ್ಡ ಹಾಯ್ದಿವೆ, ಒಂದು ಹೊತ್ತಿಗೆ ಒಂದೇ ಬಳಸೋಕಾಗೋದು, 2024-25ರಲ್ಲಿ ಸುಮಾರು 5.5 ಕೋಟಿ ಜನ ಹಾಗೇ ಓಡಾಡಿದ್ದಾರೆ. ಸುತ್ತ ಕುರ್ಲಾ, ಸಾಕಿನಾಕಾ, ವಿಲೆ ಪಾರ್ಲೆ, ಇನ್ನೊಂದು ರನ್‌ವೇಗೆ ಜಾಗ ಎಲ್ಲಿಂದ ತರೋದು ಹೇಳಿ.

ಅದಕ್ಕೇ ಸಮುದ್ರದ ಮಾತು ಬರೋದು. ಅಲ್ಲಿ ಮನೆಗಳಿಲ್ಲ, ಹಗಲೂ ರಾತ್ರಿ ವಿಮಾನ ಇಳಿಸಬಹುದು. ಜಪಾನಿನ ಒಸಾಕಾದವರು ಇದೇ ಕಾರಣಕ್ಕೆ ದ್ವೀಪ ಕಟ್ಟಿ 1994ರಲ್ಲಿ ಕನ್ಸಾಯ್ ಏರ್‌ಪೋರ್ಟ್ ಶುರು ಮಾಡಿದ್ರು. ಆದ್ರೆ ಕೆಳಗಿರೋದು ಮೆತ್ತನೆ ಜೇಡಿ ಮಣ್ಣು, ಕಟ್ಟೋಕೆ ಶುರು ಮಾಡಿದಾಗಿಂದ ಮೊದಲ ದ್ವೀಪ 13 ಮೀಟರಿಗೂ ಹೆಚ್ಚು ಕುಸಿದಿದೆ, ಇನ್ನೂ ನಿಂತಿಲ್ಲ. ಟರ್ಮಿನಲ್ಲಿನ ಕಂಬಗಳ ಬುಡದಲ್ಲಿ ಜ್ಯಾಕ್ ಇಟ್ಟು, ಒಂದೊಂದನ್ನೇ ಎತ್ತಿ, ಅಡಿಗೆ ಕಬ್ಬಿಣದ ಪ್ಲೇಟ್ ತೂರಿಸಿ ಕಟ್ಟಡದ ಮಟ್ಟ ಸರಿ ಮಾಡ್ತಾರೆ. 2018ರ ಸೆಪ್ಟೆಂಬರಲ್ಲಿ ಜೆಬಿ ಚಂಡಮಾರುತ ಬಂದು ರನ್‌ವೇಗೆ ನೀರು ನುಗ್ಗಿತು, ಅದರ ಜೊತೆಗೆ ಒಂದು ಟ್ಯಾಂಕರ್ ಹಡಗು ತೇಲಿ ಬಂದು ದ್ವೀಪವನ್ನ ದಡಕ್ಕೆ ಸೇರಿಸೋ ಸೇತುವೆಗೆ ಗುದ್ದಿ ಸಾವಿರಾರು ಜನ ಅಲ್ಲೇ ಸಿಕ್ಕಿಹಾಕಿಕೊಂಡ್ರು. ವಾಧವನ್ ಇರೋ ದಹಾಣು ಕಡೆ ಮಳೆಗಾಲದ ಅಲೆ, ಅಲ್ಲಿನ ಭರತ-ಇಳಿತ ನೋಡಿದವರಿಗೆ ಇದು ಸಣ್ಣ ವಿಷಯ ಅನ್ಸಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. ಡೊಂಬಿವಲಿಯಿಂದ ದಹಾಣುಗೆ ಹೋಗ್ಬೇಕಂದ್ರೆ ಸಾಮಾನ್ಯವಾಗಿ ದಿವಾಕ್ಕೆ ಬಂದು ವಸಾಯಿ ಗಾಡಿ ಹಿಡಿದು, ಅಲ್ಲಿ ಮತ್ತೆ ಗಾಡಿ ಬದಲಿಸಬೇಕು, ಲಗೇಜು ಮಕ್ಕಳು ಎಲ್ಲ ಕಟ್ಟಿಕೊಂಡು ಯಾರು ಹೋಗ್ತಾರೆ! ನಿಮಗೆ ಹತ್ರ ನವಿ ಮುಂಬೈ, 2025ರ ಡಿಸೆಂಬರ್ 25ರಿಂದ ವಿಮಾನ ಹಾರ್ತಿವೆ, ಮೊದಲ ಹಂತಕ್ಕೆ ಒಂದು ರನ್‌ವೇ, ವರ್ಷಕ್ಕೆ 2 ಕೋಟಿ ಜನ, ಪೂರ್ತಿ ಆದ್ಮೇಲೆ 9 ಕೋಟಿ ಅಂತ ಯೋಜನೆ. ಅಲ್ಲಿ ಬರೋ ಎರಡನೇ ರನ್‌ವೇ ಸಮಾನಾಂತರ, ಎರಡರಲ್ಲೂ ಒಟ್ಟಿಗೇ ವಿಮಾನ ಬಿಡಬಹುದು. ನನ್ನ ಕೇಳಿದ್ರೆ ಮೊದಲು ಅದು ಮುಗೀಲಿ, ಕಲ್ಯಾಣ್-ತಳೋಜಾ ಮೆಟ್ರೋ ಮುಗಿಸಿ ಏರ್‌ಪೋರ್ಟಿಗೆ ಜೋಡಿಸ್ಲಿ, ಶಿಲ್‌ಫಾಟಾ ಜಾಮಲ್ಲಿ ಕೂತು ಫ್ಲೈಟ್ ತಪ್ಪಿಸ್ಕೊಳ್ಳೋದಾದ್ರೆ ಎಷ್ಟು ಏರ್‌ಪೋರ್ಟ್ ಇದ್ದು ಏನು ಬಂತು?

ಪ್ರಶ್ನೆ: ನಾವು ಮೂಲತಃ ಮಲ್ಪೆಯವರು. ಆ ವಾಧವನ್ ಕಡೆಯ ಮೀನುಗಾರರ ಗತಿ ಏನು?
– ಓದುಗರು, ವಾಶಿ

ಉತ್ತರ: ನನಗೂ ಇದೇ ಚಿಂತೆ. ದಹಾಣು ತಾಲೂಕನ್ನ 1991ರಲ್ಲೇ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ಪ್ರದೇಶ ಅಂತ ಘೋಷಿಸಿದೆ. 2024ರ ಆಗಸ್ಟ್ 30ಕ್ಕೆ ಶಂಕುಸ್ಥಾಪನೆ ಆದ ವಾಧವನ್ ಬಂದರಿಗೇ ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸಮುದ್ರ ತುಂಬಬೇಕು, ಮೀನುಗಾರರು ವರ್ಷಗಟ್ಟಲೆ ವಿರೋಧ ಮಾಡಿದ್ದು ಅದಕ್ಕೇ, ದೋಣಿ ಹೋಗೋ ನೀರೇ ಮಣ್ಣಾದ್ರೆ ಪರಿಹಾರದ ಚೆಕ್ ಎಷ್ಟು ದಿನ ಬರುತ್ತೆ. ಅದರ ಮೇಲೆ ಏರ್‌ಪೋರ್ಟ್ ಅಂದ್ರೆ ಇನ್ನಷ್ಟು ತುಂಬೋದು. ಬಂದರು, ಏರ್‌ಪೋರ್ಟ್ ಎರಡೂ ಸೇರಿ ಕರಾವಳಿಗೆ ಏನು ಮಾಡ್ತವೆ ಅನ್ನೋದನ್ನ ಒಟ್ಟಿಗೇ ಅಧ್ಯಯನ ಮಾಡಿ, ಮರಾಠಿಯಲ್ಲಿ ಅವರ ಊರಲ್ಲೇ ಓದಿ ಹೇಳೋವರೆಗೂ ಒಂದು ಬುಟ್ಟಿ ಮರಳೂ ಸುರೀಬಾರ್ದು.